ಐವತ್ತೈದು ಸಾವಿರ ಕಂಠಗಳ ನಡುವೆ ನಾಲ್ವರು



2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡದವರು ಅಹಮದಾಬಾದಿನ ಕ್ರೀಡಾಂಗಣದಲ್ಲಿ ಎರಡು ದಿನ ಹಾಡಿದಾಗ ದಿನವೊಂದಕ್ಕೆ ಲಕ್ಷಕ್ಕೂ ಮೀರಿ ಜನ ಸೇರಿದ್ದರು. ಎಲ್ಲೆಡೆ ಕೇಳಿಬಂದದ್ದು ‘ದಾಖಲೆ’ ಎಂಬ ಒಂದೇ ಮಾತು. ಹಾಡಿಗೆ ತಲೆ ಎಣಿಸುವ ಈ ಪದ್ಧತಿ ಎಲ್ಲಿ ಬಲವಾಗಿ ಬೇರೂರಿತು ಎಂದು ಕೇಳಿದರೆ, ನಾನು ಬೆರಳು ತೋರಿಸುವುದು ನ್ಯೂಯಾರ್ಕಿನ ಶೇ ಕ್ರೀಡಾಂಗಣದತ್ತ, 1965ರ ಆಗಸ್ಟ್ 15ರ ಭಾನುವಾರದ ಕಡೆಗೆ.

ಶೇ ಕ್ರೀಡಾಂಗಣ 1964ರಲ್ಲಿ ತೆರೆದದ್ದು ಬೇಸ್‌ಬಾಲ್ ಆಟಕ್ಕಾಗಿ. ಅಲ್ಲಿ ಬೀಟಲ್ಸ್ ತಂಡದ ಕಚೇರಿ ನಡೆಸಲು ಹೊರಟವರು ಸಿಡ್ ಬರ್ನ್‌ಸ್ಟೈನ್ ಎಂಬ ಉದ್ಯಮಿ. ಬಂದವರು ಸುಮಾರು 55,600 ಮಂದಿ. ಟಿಕೆಟ್ಟಿನ ಸಂಗ್ರಹ 3,04,000 ಡಾಲರ್. ರಾಕ್ ಸಂಗೀತದಲ್ಲಿ ಅಲ್ಲಿಯವರೆಗೆ ಎರಡೂ ದಾಖಲೆಯೇ. ವೇದಿಕೆಯನ್ನು ಮೈದಾನದ ನಡುವೆ ಕಟ್ಟಿದ್ದರು. ಸುತ್ತಲಿನ ಹುಲ್ಲಿನ ಮೇಲೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಎತ್ತರದ ಸಾಲಿನಲ್ಲಿ ಕುಳಿತವರಿಗೆ ಜಾನ್ ಲೆನನ್ ಕಾಣಿಸಿದ್ದು ಬೆಂಕಿಕಡ್ಡಿಯಷ್ಟು ದೊಡ್ಡದಾಗಿ ಮಾತ್ರ!

ಇನ್ನು ಕೇಳಿಸಿದ್ದೆಷ್ಟು? ಆ ಪ್ರವಾಸಕ್ಕೆಂದೇ ವಾಕ್ಸ್ ಸಂಸ್ಥೆ ನೂರು ವಾಟ್‌ಗಳ ಧ್ವನಿವರ್ಧಕಗಳನ್ನು ಸಿದ್ಧಪಡಿಸಿತ್ತು. ಹಾಡುವ ಕಂಠಕ್ಕೆ ನೆರವಾದದ್ದು ಆಟಗಾರರ ಹೆಸರು ಕೂಗಲು ಕ್ರೀಡಾಂಗಣದಲ್ಲಿ ಅಳವಡಿಸಿದ್ದ ಪ್ರಕಟಣೆಯ ವ್ಯವಸ್ಥೆ. ದೂರ ಇಮ್ಮಡಿಯಾದರೆ ಶಬ್ದದ ತೀವ್ರತೆ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆಂಬುದು ನಿಮಗೆ ನೆನಪಿರಬಹುದು (ನೆನಪಿಲ್ಲದವರು ಯಾರೆಂದು ನನಗೆ ಗೊತ್ತು, ಹೆಸರು ಹೇಳುವುದಿಲ್ಲ). ವೇದಿಕೆಯ ಹಾಡು ಬಹು ದೂರದಿಂದ ಬರಬೇಕು. ಪಕ್ಕದಲ್ಲಿ ಕುಳಿತ ಹುಡುಗಿಯ ಚೀರಾಟಕ್ಕೆ ಒಂದು ಮೊಳದ ದಾರಿ. ಗೆಲ್ಲುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಆ ಹುಡುಗಿಯರನ್ನು ಅಂದಿನ ಹಿರಿಯರು ಹುಚ್ಚರೆಂದು ಜರೆದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಮ್ಮ ಜಾತ್ರೆಗಳಲ್ಲಿ ತೇರು ಹೊರಟಾಗ ನಾಗಸ್ವರದ ರಾಗ ಯಾವುದೆಂದು ಎಷ್ಟು ಜನ ವಿಚಾರಿಸುತ್ತಾರೆ? ತೇರಿನ ಮುಂದೆ ತಾವೂ ಇದ್ದೆವೆಂಬುದೇ ಅವರ ಧನ್ಯತೆ. ಮನೆಯಲ್ಲಿ ದನಿಯೆತ್ತಿದರೆ ಗದರಿಸಿಕೊಳ್ಳುತ್ತಿದ್ದ ಹದಿನಾಲ್ಕು ಹದಿನೈದರ ಮಕ್ಕಳು ಒಂದು ಸಂಜೆ ಮನದಣಿಯೆ ಕೂಗಿಕೊಂಡರೆ ಯಾವ ಸಂಸ್ಕೃತಿಯೂ ಮುಳುಗುವುದಿಲ್ಲ. ಜಾತ್ರೆಯೆಂದು ಕರೆಯುವುದಾದರೆ ನನ್ನ ತಕರಾರಿಲ್ಲ. ಅದನ್ನು ಸಂಗೀತದ ಮಹಾವಿಜಯವೆಂದು ಬಣ್ಣಿಸುವಲ್ಲಿಯೇ ನನ್ನ ಆಕ್ಷೇಪ.

ಏಕೆಂದರೆ ಆ ಸದ್ದಿನಲ್ಲಿ ಹಾಡುಗಾರರಿಗೆ ತಮ್ಮ ದನಿಯೇ ಕೇಳಿಸುತ್ತಿರಲಿಲ್ಲ. ತಂಬೂರಿಯ ನಾದ ಕಿವಿಗೆ ಬೀಳದ ಗಾಯಕನ ಪಾಡನ್ನು ಊಹಿಸಿಕೊಳ್ಳಿ. ಇಂತಹ ಗದ್ದಲದ ಕಚೇರಿಗಳಲ್ಲಿ ತಾಳವಾದ್ಯದ ರಿಂಗೋ ಸ್ಟಾರ್ ಮುಂದಿದ್ದವರ ಬೆನ್ನಿನ ಅಲುಗಾಟ ನೋಡಿ ಹಾಡು ಎಲ್ಲಿಗೆ ಬಂದಿದೆಯೆಂದು ಅಂದಾಜು ಮಾಡುತ್ತಿದ್ದರು. ಶೇಯಲ್ಲಿ ಹನ್ನೆರಡು ಹಾಡುಗಳು ಅರ್ಧ ಗಂಟೆಯಲ್ಲಿ ಮುಗಿದವು. ಕೊನೆಯ ಹಾಡಿನಲ್ಲಿ ಲೆನನ್ ನಗುತ್ತ ಮೊಣಕೈಯಿಂದಲೇ ಆರ್ಗನ್ನಿನ ಮನೆಗಳನ್ನು ಒತ್ತಿದರು. ಸರಿಯಾಗಿ ನುಡಿಸಿದರೂ ತಪ್ಪಾಗಿ ನುಡಿಸಿದರೂ ಒಂದೇ ಎಂದಾದಾಗ ಕಲಾವಿದ ನಗದೆ ಇನ್ನೇನು ಮಾಡಿಯಾನು? ಆ ಕಚೇರಿಯ ಚಲನಚಿತ್ರ ಹೊರಬರುವ ಮುನ್ನ, 1966ರ ಜನವರಿಯಲ್ಲಿ, ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಕುಳಿತು ಹಲವು ಹಾಡುಗಳ ಧ್ವನಿಯನ್ನು ಅವರೇ ಮತ್ತೆ ತುಂಬಿಸಬೇಕಾಯಿತು. ದಾಖಲೆಯ ಕಚೇರಿಗೆ ತೇಪೆ ಹಚ್ಚಿದ ದಾಖಲೆ!

ಇದೇ ತಂಡ 1964ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್ ನಗರದ ಗೇಟರ್ ಬೌಲ್ ಕ್ರೀಡಾಂಗಣದಲ್ಲಿ, ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವುದಾದರೆ ಹಾಡುವುದಿಲ್ಲವೆಂದು ಪಟ್ಟು ಹಿಡಿದಿತ್ತು. ಅಲ್ಲಿ ಬೇರ್ಪಡಿಸದ ಸಭೆಗೇ ಅವರು ಹಾಡಿದರು. ಎಷ್ಟು ಜನ ಕೂತಿದ್ದರು ಎಂಬುದಕ್ಕಿಂತ ಹೇಗೆ ಕೂತಿದ್ದರು ಎಂಬುದು ನನ್ನ ಮಟ್ಟಿಗೆ ದೊಡ್ಡ ದಾಖಲೆ. ಅದನ್ನು ಶೇ ಕ್ರೀಡಾಂಗಣದಷ್ಟು ಜನ ಸ್ಮರಿಸುವುದಿಲ್ಲ.

ಸಂಖ್ಯೆಯ ಕಿರೀಟವಾದರೂ ಉಳಿಯಿತೇ? 1973ರ ಮೇ ತಿಂಗಳಲ್ಲಿ ಲೆಡ್ ಜೆಪ್ಲಿನ್ ತಂಡ ಟ್ಯಾಂಪಾ ಕ್ರೀಡಾಂಗಣದಲ್ಲಿ 56,800 ಜನರನ್ನು ಸೇರಿಸಿ ಅದನ್ನು ಕಿತ್ತುಕೊಂಡಿತು. ಬೀಟಲ್ಸ್ ಪಾಲಿಗೆ ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. 1966ರ ಆಗಸ್ಟಿನಲ್ಲಿ ಅವರು ಮತ್ತೆ ಶೇಗೆ ಬಂದಾಗ ಸಾವಿರಾರು ಆಸನಗಳು ಖಾಲಿ ಉಳಿದಿದ್ದವು. ಅದೇ ತಿಂಗಳ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಎಂಬ ಇನ್ನೊಂದು ಬೇಸ್‌ಬಾಲ್ ಮೈದಾನದಲ್ಲಿ ಹಾಡಿದ ಮೇಲೆ ಟಿಕೆಟ್ಟಿನ ಕಚೇರಿಗಳನ್ನೇ ನಿಲ್ಲಿಸಿಬಿಟ್ಟರು. ಜಾರ್ಜ್ ಹ್ಯಾರಿಸನ್ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದು, ಪಂಡಿತ ರವಿಶಂಕರರ ಎದುರು ನೆಲದ ಮೇಲೆ ಕುಳಿತು ಸಿತಾರಿನ ಪಾಠಗಳನ್ನು ತಿದ್ದಿದರು. ಅಲ್ಲಿ ಚೀರುವವರಿರಲಿಲ್ಲ, ತಪ್ಪಿದ ಸ್ವರವೊಂದೊಂದೂ ಗುರುಗಳಿಗೆ ಕೇಳಿಸುತ್ತಿತ್ತು.