ನೂರು ಗ್ರಾಂ ಉಪ್ಪಿನಕಾಯಿ ಯಾರು ತಿಂತಾರೆ?

ನಮ್ಮ ಆಫೀಸಿನಲ್ಲಿ ಈಗ ಯಾರು ಯಾವ ಪ್ಯಾಕೆಟ್ ತಂದರೂ ಮೊದಲು ಬಾರ್‌ಕೋಡ್ ಸ್ಕ್ಯಾನ್ ಆಗುತ್ತೆ, ಆಮೇಲೆ ಬಾಯಿಗೆ. ಆಪ್ ಕೆಂಪು ಬಣ್ಣ ತೋರಿಸಿದರೆ ತಂದವರ ಮುಖ ಬಾಡುತ್ತೆ. ಹಸಿರು ಬಂದರೆ ಪ್ಯಾಕೆಟ್ ಹತ್ತು ನಿಮಿಷದಲ್ಲಿ ಖಾಲಿ. ಆ ಅಂಕ ಕೊಟ್ಟವರು ಯಾರು, ಯಾವ ಲೆಕ್ಕದಲ್ಲಿ ಅಂತ ಮಾತ್ರ ಯಾರೂ ಕೇಳಲ್ಲ.

ಫ್ರಾನ್ಸ್‌ನಲ್ಲಿ 2017ರಿಂದ ಬಳಕೆಯಲ್ಲಿರುವ ನ್ಯೂಟ್ರಿ-ಸ್ಕೋರ್ ತಗೊಳ್ಳಿ. 100 ಗ್ರಾಂ ತಿನಿಸಿನಲ್ಲಿರುವ ಕ್ಯಾಲೊರಿ, ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು, ಉಪ್ಪು – ಇವುಗಳಿಗೆ ಕೆಟ್ಟ ಅಂಕ. ನಾರು, ಪ್ರೋಟೀನ್, ಹಣ್ಣು-ತರಕಾರಿ-ಕಾಳುಗಳಿಗೆ ಒಳ್ಳೆ ಅಂಕ. ಕೂಡಿ ಕಳೆದು ಬಂದದ್ದಕ್ಕೆ 'ಎ'ಯಿಂದ 'ಇ'ವರೆಗೆ ಒಂದು ಅಕ್ಷರ. ಒಂದೇ ಶೆಲ್ಫಿನ ಎರಡು ಕಾರ್ನ್‌ಫ್ಲೇಕ್ಸ್ ಡಬ್ಬಿಗಳಲ್ಲಿ ಒಂದನ್ನು ಆರಿಸೋಕೆ ಇದು ನಿಜಕ್ಕೂ ಅನುಕೂಲ.

ಅದೇ ಲೆಕ್ಕವನ್ನು ನಮ್ಮ ಅಡುಗೆಮನೆಗೆ ತಂದರೆ ತಮಾಷೆ ಶುರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನ್ಯೂಟ್ರಿ-ಸ್ಕೋರ್‌ನಲ್ಲಿ ಕ್ಯಾಲ್ಸಿಯಂಗೆ ಅಂಕವೇ ಇಲ್ಲ. ಉಪ್ಪಿನಕಾಯಿಯನ್ನು ನೂರು ಗ್ರಾಂ ಲೆಕ್ಕದಲ್ಲಿ ತೂಗಿದರೆ ಅದು ಎಂದೂ ಪಾಸಾಗಲ್ಲ. ಆದರೆ ಅಷ್ಟು ಉಪ್ಪಿನಕಾಯಿ ಒಂದೇ ಊಟಕ್ಕೆ ಯಾರು ತಿಂತಾರೆ ಹೇಳಿ? ಚಿಪ್ಸ್ ಆದ್ರೆ ನೂರು ಗ್ರಾಂ ಒಂದು ಕ್ರಿಕೆಟ್ ಮ್ಯಾಚಿಗೇ ಸಾಲಲ್ಲ.

ಲೆಕ್ಕದ ನಿಯಮದಲ್ಲಿ ಸಣ್ಣ ಸಂದಿಯಿದ್ದರೂ ಸಾಕು, ಕಂಪನಿಗಳು ನುಸುಳುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 2014ರಿಂದ ಹೆಲ್ತ್ ಸ್ಟಾರ್ ರೇಟಿಂಗ್ ಇದೆ. ಅಲ್ಲಿ ನೆಸ್ಲೆಯ ಮೈಲೊ ಪುಡಿಯ ಡಬ್ಬಿ ಮೇಲೆ 4.5 ಸ್ಟಾರ್! ಕೆನೆ ತೆಗೆದ ಹಾಲಿಗೆ ಮೂರು ಚಮಚ ಹಾಕಿ ಕುಡಿದರೆ ಅನ್ನೋ ಲೆಕ್ಕ ಅದು. ಬರೀ ಪುಡಿಗಾದರೆ 1.5. ಅಂದರೆ ಹಾಲು ಗಳಿಸಿದ ಅಂಕ ಪುಡಿಯ ಡಬ್ಬಿಗೆ ಹೋಗಿತ್ತು. ಟೀಕೆ ಜೋರಾದ ಮೇಲೆ 2018ರಲ್ಲಿ ಕಂಪನಿ ಆ ಸ್ಟಾರ್‌ಗಳನ್ನು ತೆಗೆಯಿತು.

ಇದು ನಮಗೂ ಸಂಬಂಧಪಟ್ಟದ್ದೇ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಎಫ್‌ಎಸ್‌ಎಸ್‌ಎಐ ಹೊರಡಿಸಿದ ಕರಡು ನಿಯಮದಲ್ಲೂ ಅರ್ಧದಿಂದ ಐದರವರೆಗೆ ಸ್ಟಾರ್ ಕೊಡುವ ಪದ್ಧತಿಯೇ ಇತ್ತು. ಸಕ್ಕರೆ ತುಂಬಿದ ತಿನಿಸಿಗೆ ಒಂದಿಷ್ಟು ನಾರು ಬೆರೆಸಿ ಸ್ಟಾರ್ ಏರಿಸಿಕೊಂಡರೆ ಏನು ಗತಿ ಅನ್ನೋದು ಆರೋಗ್ಯ ಕಾರ್ಯಕರ್ತರ ಆಕ್ಷೇಪ. ಚಿಲಿ ದೇಶ 2016ರಲ್ಲೇ ಬೇರೆ ದಾರಿ ಹಿಡಿಯಿತು: ಸಕ್ಕರೆ ಜಾಸ್ತಿಯೇ? ಪ್ಯಾಕೆಟ್ ಮುಂದೆ ಕಪ್ಪು ಅಷ್ಟಕೋನದಲ್ಲಿ ಹಾಗಂತಲೇ ಬರೆಯಬೇಕು, ಕೂಡಿ ಕಳೆಯೋ ಮಾತೇ ಇಲ್ಲ. ನನ್ನ ವೋಟು ಚಿಲಿಗೆ.

ಇಡೀ ದಿನದ ಊಟಕ್ಕೆ ಅಂಕ ಕೊಡೋದು ಬೇರೆಯದೇ ವಿದ್ಯೆ. ಅಮೆರಿಕದ ಹೆಲ್ದಿ ಈಟಿಂಗ್ ಇಂಡೆಕ್ಸ್ ಒಬ್ಬರು ತಿಂದದ್ದನ್ನೆಲ್ಲ 13 ವಿಭಾಗಗಳಲ್ಲಿ ನೋಡಿ ನೂರಕ್ಕೆ ಅಂಕ ಕೊಡುತ್ತೆ. ನಮ್ಮಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನದ ತಟ್ಟೆಯನ್ನೇ ತೂಗಿ ಹೇಳಿದೆ. 2000 ಕ್ಯಾಲೊರಿಯ ಊಟಕ್ಕೆ 400 ಗ್ರಾಂ ತರಕಾರಿ-ಸೊಪ್ಪು, ಅಕ್ಕಿ-ರಾಗಿ-ಗೋಧಿ ಎಲ್ಲ ಸೇರಿ 250 ಗ್ರಾಂ. ನಮ್ಮಲ್ಲಿ ಬಹಳ ಜನರ ತಟ್ಟೆ ಇದರ ತಲೆಕೆಳಗು. ಅನ್ನದ ಗುಡ್ಡ, ಪಕ್ಕದಲ್ಲಿ ಎರಡು ಚಮಚ ಪಲ್ಯ. ಇದಕ್ಕೆ ಬಾರ್‌ಕೋಡ್ ಎಲ್ಲಿಂದ ತರೋಣ?

ಅಮ್ಮನಿಗೆ ಎರಡು ವರ್ಷದಿಂದ ಬಿಪಿ ಮಾತ್ರೆ. ಹಾಗಾಗಿ ಪ್ಯಾಕೆಟ್ ಕೊಳ್ಳುವಾಗ ನಾನು ಆಪ್ ತೆರೆಯಲ್ಲ, ಹಿಂಭಾಗ ತಿರುಗಿಸಿ ಎರಡು ಸಾಲು ಓದ್ತೀನಿ. ಒಂದು, ಸೋಡಿಯಂ. ದಿನಕ್ಕೆ 5 ಗ್ರಾಂ ಉಪ್ಪು ಅಂದ್ರೆ 2000 ಮಿಲಿಗ್ರಾಂ ಸೋಡಿಯಂ, ಅದೇ ಮಿತಿ. ಇನ್ನೊಂದು, ಸಾಮಗ್ರಿಗಳ ಪಟ್ಟಿ. ಹೆಚ್ಚು ತೂಕದ್ದು ಅಲ್ಲಿ ಮೊದಲು ಬರಬೇಕು ಅನ್ನೋದು ನಿಯಮ. 'ರಾಗಿ ಬಿಸ್ಕೆಟ್' ಅಂತ ದೊಡ್ಡಕ್ಷರದಲ್ಲಿದ್ದು ಪಟ್ಟಿಯ ಮೊದಲ ಹೆಸರು ಮೈದಾ ಆಗಿದ್ದರೆ ಅಲ್ಲಿಗೇ ಇಡ್ತೀನಿ.

ಮನೆಯೊಳಗಿನ ಉಪ್ಪಿಗೆ ಲೇಬಲ್ ಇಲ್ಲವಲ್ಲ, ಅಲ್ಲಿ ಚೌಕಾಸಿಯೇ ಗತಿ. "ಹಪ್ಪಳ ವಾರಕ್ಕೆ ಒಂದೇ ದಿನ ಸಾಕು ಬಿಡು" ಅಂತ ಅಮ್ಮ ಒಪ್ಪಿದ್ದಾರೆ. ಉಪ್ಪಿನಕಾಯಿ ವಿಷಯದಲ್ಲಿ ಮಾತುಕತೆ ಇನ್ನೂ ನಡೀತಿದೆ.