ಮದುವೆ ಮಾಡಿದರೆ ಸರಿಹೋಗುತ್ತಾನೆ!

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವ ಸಿನಿಮಾಗಳಿಗೂ ವರದಕ್ಷಿಣೆ ವಿರೋಧಿ ಹೋರಾಟಕ್ಕೂ ಏನು ಸಂಬಂಧ? ಹೀಗೆ ಕೇಳುವ ಗೆಳತಿಯರು ನಮ್ಮ ನಡುವೆಯೇ ಇದ್ದಾರೆ. ಸೊಸೆಯಂದಿರು ಸಾಯುತ್ತಿರುವಾಗ ಇದೆಲ್ಲ ಪಟ್ಟಣದ ಹೊಟ್ಟೆ ತುಂಬಿದವರ ಚಿಂತೆ ಎನ್ನುವುದು ಅವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ಈಚಿನ ವರ್ಷಗಳಲ್ಲಿ ಬಂದ ಇಂಥ ಚಿತ್ರಗಳಲ್ಲಿ ಒಳ್ಳೆಯವು ಹೇಳುತ್ತಿರುವುದು ನಮ್ಮದೇ ಕತೆಯನ್ನು, ಬಲವಂತದ ಮದುವೆಯ ಕತೆಯನ್ನು.

ಜಿಯೋ ಬೇಬಿ ನಿರ್ದೇಶಿಸಿದ ಮಲಯಾಳಂ ಚಿತ್ರ 'ಕಾದಲ್ - ದಿ ಕೋರ್' 2023ರ ನವೆಂಬರ್‌ನಲ್ಲಿ ತೆರೆಕಂಡಿತು. ಪಂಚಾಯತಿ ಉಪಚುನಾವಣೆಗೆ ನಿಂತ ಮ್ಯಾಥ್ಯೂ ಸಲಿಂಗ ಪ್ರೇಮಿ. ಅವನ ಹೆಂಡತಿ ಓಮನ ಇಪ್ಪತ್ತು ವರ್ಷದ ದಾಂಪತ್ಯದ ನಂತರ ವಿಚ್ಛೇದನ ಕೇಳಿ ನ್ಯಾಯಾಲಯಕ್ಕೆ ಹೋಗುತ್ತಾಳೆ. ಮಮ್ಮೂಟ್ಟಿಯಂಥ ದೊಡ್ಡ ನಟ ಈ ಪಾತ್ರ ಮಾಡಿದರಲ್ಲ ಎಂದು ಎಲ್ಲರೂ ಹೊಗಳಿದರು. ಹೊಗಳಬೇಕಾದ್ದೇ. ಆದರೆ ಜ್ಯೋತಿಕಾ ಅಭಿನಯಿಸಿದ ಓಮನಳ ಬಗ್ಗೆ ಎಷ್ಟು ಜನ ಮಾತಾಡಿದರು? ಆ ಮನೆಯಲ್ಲಿ ಹೊಡೆತವಿಲ್ಲ, ಬೈಗುಳವಿಲ್ಲ. ಗಂಡ ಒಳ್ಳೆಯವನು. ಆದರೂ ಹೆಂಡತಿಯಾಗಿ ಅವಳಿಗೆ ದಕ್ಕಿದ್ದು ಬರೀ ಒಂಟಿತನ. ಮಗನ ವಿಷಯ ಗೊತ್ತಿದ್ದೂ ಮದುವೆಗೆ ಒತ್ತಾಯಿಸಿದವನು ತಂದೆ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಒಂದು ನಂಬಿಕೆ ಎರಡು ಜೀವಗಳನ್ನು ಹಾಳುಮಾಡಿತು.

ಈ ಮಾತು ನಮಗೆ ಹೊಸದೇ? ಕುಡುಕನಿಗೆ, ಪೋಲಿ ತಿರುಗುವವನಿಗೆ ಮದುವೆಯೇ ಮದ್ದು ಎಂದು ಹೆಣ್ಣು ತರುವವರು ನಮ್ಮ ಊರುಗಳಲ್ಲಿ ಇಲ್ಲವೇ? ಸಲಿಂಗ ಪ್ರೇಮವನ್ನೂ ಅದೇ ರೀತಿ ಒಂದು ಕೆಟ್ಟ ಚಾಳಿ ಎಂದೆಣಿಸಿ ಅದಕ್ಕೂ ಒಬ್ಬ ಹುಡುಗಿಯನ್ನು ಮದ್ದಿನಂತೆ ಅರೆಯುತ್ತಾರೆ. ಆ ಮದ್ದಿನ ಬೆಲೆಯನ್ನೂ ಹುಡುಗಿಯ ಅಪ್ಪನೇ ಕೊಡಬೇಕು! ಚಿನ್ನ, ಛತ್ರದ ಬಾಡಿಗೆ, ಊಟದ ಖರ್ಚು, ಕೈಸಾಲ. ಮಕ್ಕಳಾಗದಿದ್ದರೆ ಬಂಜೆ ಎನ್ನಿಸಿಕೊಳ್ಳುವವಳೂ ಅವಳೇ. ಸಲಹೆ ಕೇಳಿ ಬಂದ ಹೆಣ್ಣುಮಕ್ಕಳ ಬಾಯಿಂದಲೇ ನಾನು ಇದನ್ನು ಕೇಳಿದ್ದೇನೆ. ಗಂಡನ ಮನೆಯವರಿಗೆ ಮೊದಲೇ ಎಲ್ಲ ಗೊತ್ತಿತ್ತು ಎಂದು ತಿಳಿದಾಗ ಅವರಿಗಾಗುವ ಅವಮಾನಕ್ಕೆ ನಾವಿನ್ನೂ ಹೆಸರಿಟ್ಟಿಲ್ಲ. ನಾನು ಅದನ್ನು ವಂಚನೆ ಎನ್ನುತ್ತೇನೆ. ಆ ವಂಚನೆಯ ಮುಖ್ಯ ಹೊಣೆ ಹೆದರಿದ ಹುಡುಗನದಲ್ಲ, ಹೆದರಿಸಿದ ಮನೆತನದ್ದು.

ಇನ್ನು ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಗತಿ ನೋಡಿ. ಹುಡುಗ ಊರು ಬಿಟ್ಟಾದರೂ ಹೋದಾನು, ಹುಡುಗಿಯನ್ನು ಕೋಣೆಗೆ ಹಾಕಿ ಬೀಗ ಜಡಿಯುತ್ತಾರೆ. 2019ರ ಹಿಂದಿ ಚಿತ್ರ 'ಏಕ್ ಲಡ್ಕೀ ಕೋ ದೇಖಾ ತೋ ಐಸಾ ಲಗಾ'ದಲ್ಲಿ ತಂಗಿಯ ಗುಟ್ಟು ಗೊತ್ತಿದ್ದ ಅಣ್ಣನೇ ಅವಳ ಕಾವಲುಗಾರ. 2022ರ 'ಬಧಾಯೀ ದೋ'ದಲ್ಲಿ ಸಲಿಂಗ ಪ್ರೇಮಿ ಪೊಲೀಸನೊಬ್ಬನೂ ಹೆಣ್ಣನ್ನು ಪ್ರೀತಿಸುವ ಶಿಕ್ಷಕಿಯೊಬ್ಬಳೂ ಮನೆಯವರ ಕಾಟ ತಾಳದೆ ಪರಸ್ಪರ ಒಪ್ಪಿ ಮದುವೆಯ ನಾಟಕವಾಡುತ್ತಾರೆ. ಅಲ್ಲಿ ಇಬ್ಬರಿಗೂ ಸತ್ಯ ಗೊತ್ತು, ಹಾಗಾಗಿ ನಗಬಹುದು. ಆದರೆ ಮದುವೆಯಾದ ಮೇಲೂ ಕಾಟ ತಪ್ಪುವುದಿಲ್ಲ, ಮಗು ಯಾವಾಗ ಎಂಬ ವಿಚಾರಣೆ ಶುರುವಾಗುತ್ತದೆ.

ಇಪ್ಪತ್ತೈದು ವರ್ಷಗಳ ಹಿಂದೆ ಹೀಗಿರಲಿಲ್ಲ. ದೀಪಾ ಮೆಹ್ತಾರ 'ಫೈರ್' ಚಿತ್ರದಲ್ಲಿ ದೆಹಲಿಯ ಒಂದೇ ಮನೆಯ ಇಬ್ಬರು ಸೊಸೆಯಂದಿರು ಪ್ರೀತಿಸಿದರೆಂದು 1998ರ ಡಿಸೆಂಬರ್‌ನಲ್ಲಿ ಶಿವಸೇನೆಯವರು ಮುಂಬಯಿ, ದೆಹಲಿಯ ಚಿತ್ರಮಂದಿರಗಳನ್ನು ಒಡೆದರು. ಆಗ ಮಹಿಳಾ ಸಂಘಟನೆಗಳು ಬೀದಿಗಿಳಿದಿದ್ದವು. ಹಾಗಿದ್ದ ಮೇಲೆ ಇದು ನಮ್ಮ ವಿಷಯವಲ್ಲ ಎಂದು ಈಗ ಹೇಳುವುದು ಹೇಗೆ?

ಕಾನೂನು ನಮಗಿಂತ ಒಂದೆರಡು ಹೆಜ್ಜೆ ಮುಂದಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮ ಅಪರಾಧವಲ್ಲ ಎಂದಿತು. 2023ರಲ್ಲಿ ಮದುವೆಯ ಹಕ್ಕನ್ನು ಮಾತ್ರ ಕೊಡಲಿಲ್ಲ. ನಾವು ಹೋರಾಡಿ ಪಡೆದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಗಂಡನ ಮನೆಗೆ ಮಾತ್ರ ಸೀಮಿತವಲ್ಲ, ತವರಿನ ದೌರ್ಜನ್ಯಕ್ಕೂ ಅನ್ವಯಿಸುತ್ತದೆ. ವಯಸ್ಕ ಗಂಡಸಿನ ಮೇಲೆ ಮಾತ್ರ ದೂರು ಎಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿತು. ಮಗಳನ್ನು ಕೂಡಿಹಾಕಿ ಹೊಡೆಯುವ ಅಪ್ಪ, ಅಣ್ಣನ ಮೇಲಷ್ಟೇ ಅಲ್ಲ, ಅವ್ವನ ಮೇಲೂ ದೂರು ಕೊಡಬಹುದು. ಇದನ್ನು ಎಷ್ಟು ಹುಡುಗಿಯರಿಗೆ ನಾವು ಹೇಳಿದ್ದೇವೆ?

ಕನ್ನಡದಲ್ಲಿ 2015ರಲ್ಲಿ 'ನಾನು ಅವನಲ್ಲ ಅವಳು' ಬಂತು. ಲಿಂಗತ್ವ ಅಲ್ಪಸಂಖ್ಯಾತರ ಬದುಕನ್ನು ಗೌರವದಿಂದ ಕಂಡ ಚಿತ್ರ ಅದು. ಓಮನಳಂಥವಳ ಕತೆ ಹೇಳುವ ಕನ್ನಡ ಚಿತ್ರಕ್ಕಾಗಿ ನಾನು ಇನ್ನೂ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಈ ಚಿತ್ರಗಳನ್ನೇ ನಮ್ಮ ಸಂಘಗಳಲ್ಲಿ, ಹಳ್ಳಿಯ ಸಭೆಗಳಲ್ಲಿ ತೋರಿಸೋಣ. ನೋಡಿದ ಮೇಲೆ ತಾಯಂದಿರನ್ನು ಒಂದೇ ಪ್ರಶ್ನೆ ಕೇಳೋಣ: ನಿಮ್ಮ ಮಗನನ್ನು ಸರಿಮಾಡಲು ಯಾರ ಮನೆಯ ಮಗಳನ್ನು ಬಲಿಕೊಡುತ್ತೀರಿ?

ವರದಕ್ಷಿಣೆ ಇಲ್ಲದ ಮದುವೆ ಬೇಕೆಂದು ಇಷ್ಟು ವರ್ಷ ಕೂಗಿದ್ದೇವೆ. ಮದುವೆ ಬೇಡ ಎನ್ನುವ ಹಕ್ಕಿಗಾಗಿಯೂ ಅಷ್ಟೇ ಗಟ್ಟಿಯಾಗಿ ಕೂಗಬೇಕಾಗಿದೆ.