ಮಳೆನಕ್ಷತ್ರ, ಜನ್ಮನಕ್ಷತ್ರ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬೇಸಾಯಗಾರರ ಮಾತಿನಲ್ಲಿ ನಕ್ಷತ್ರವೆಂದರೆ ಮೊದಲು ಮಳೆ. ರೋಹಿಣಿ, ಮೃಗಶಿರ, ಆರಿದ್ರಾ ಎಂಬ ಹೆಸರುಗಳು ಸೂರ್ಯನು ಆಕಾಶದ ಆಯಾ ಭಾಗವನ್ನು ದಾಟುವ ಹದಿಮೂರು ಹದಿನಾಲ್ಕು ದಿನಗಳನ್ನು ಹೇಳುತ್ತವೆ. ಯಾವ ಹದಕ್ಕೆ ಯಾವ ಬಿತ್ತನೆಯೆಂಬ ತಲೆಮಾರುಗಳ ತಿಳಿವಳಿಕೆ ಆ ಹೆಸರುಗಳಿಗೆ ಅಂಟಿಕೊಂಡಿದೆ. ಇವೇ ಇಪ್ಪತ್ತೇಳು ಹೆಸರುಗಳು, ಮಗು ಹುಟ್ಟಿದ ಗಳಿಗೆಯಲ್ಲಿ ಚಂದ್ರನಿದ್ದ ಜಾಗವನ್ನು ಹೇಳುವಾಗ ಜನ್ಮನಕ್ಷತ್ರಗಳಾಗಿ, ಆ ಮಗುವಿನ ಬುದ್ಧಿಯನ್ನೂ ಸ್ವಭಾವವನ್ನೂ ನಿರ್ಣಯಿಸುತ್ತವೆಂಬ ನಂಬಿಕೆಯನ್ನು ಹೊತ್ತು ನಿಲ್ಲುತ್ತವೆ.

ರೂಢಿಯ ಮತವನ್ನು ಒಪ್ಪದ ವಿಜ್ಞಾನಿಗಳ ವಿಷಯದಲ್ಲಿ ಈ ನಂಬಿಕೆಗೆ ವಿಶೇಷ ಆಕರ್ಷಣೆಯಿದೆ. ಪಾಶ್ಚಾತ್ಯ ಜ್ಯೋತಿಷಿಗಳು ಅಂಥವರ ಬಂಡಾಯಕ್ಕೆ ಯುರೇನಸ್ ಗ್ರಹವನ್ನು ಕಾರಣವಾಗಿ ತೋರಿಸುತ್ತಾರೆ. ಆ ಗ್ರಹವನ್ನು ವಿಲಿಯಂ ಹರ್ಷೆಲ್ ಗುರುತಿಸಿದ್ದು 1781ರಲ್ಲಿ, ಅಂಥ ಬಂಡಾಯಗಾರರಲ್ಲೊಬ್ಬನಾದ ಗೆಲಿಲಿಯೊ ತೀರಿಕೊಂಡು ಸುಮಾರು ನೂರ ನಲವತ್ತು ವರ್ಷ ಕಳೆದ ಮೇಲೆ. ನಮ್ಮ ನವಗ್ರಹಗಳಲ್ಲಿ ಯುರೇನಸ್ ಇಲ್ಲವಾದ್ದರಿಂದ ಇಲ್ಲಿ ಅದೇ ಗುಣವನ್ನು ಹೆಚ್ಚಾಗಿ ರಾಹುವಿಗೆ ಹೊರಿಸಲಾಗುತ್ತದೆ. ರಾಹುವಾದರೋ ಚಂದ್ರನ ಹಾದಿ ಸೂರ್ಯನ ಹಾದಿಯನ್ನು ಕತ್ತರಿಸುವ ಎರಡು ಬಿಂದುಗಳಲ್ಲೊಂದು, ಗ್ರಹಣದ ಲೆಕ್ಕಕ್ಕೆ ಅತ್ಯಗತ್ಯವಾದ, ಆದರೆ ಮೈಯಿಲ್ಲದ ಗಣಿತದ ಗುರುತು. ಒಂದೇ ಸ್ವಭಾವಕ್ಕೆ ಎರಡು ಶಾಸ್ತ್ರಗಳು ಎರಡು ಬೇರೆ ಕಾರಣಗಳನ್ನು ಅಷ್ಟೇ ಖಚಿತವಾಗಿ ಹೇಳುವಾಗ, ಕಾರಣವನ್ನು ಪರೀಕ್ಷಿಸಿ ನೋಡುವುದೊಂದೇ ಉಳಿಯುವ ದಾರಿ.

ಆ ಪರೀಕ್ಷೆಯನ್ನು ನಡೆಸಿದವರು ಜಯಂತ ನಾರ್ಳೀಕರ್. ವಿಶ್ವವು ಮಹಾಸ್ಫೋಟದಿಂದ ಹುಟ್ಟಿತೆಂಬ ಸರ್ವಮಾನ್ಯ ಮತವನ್ನು ಫ್ರೆಡ್ ಹಾಯ್ಲ್ ಅವರೊಡನೆ ಸೇರಿ ಕೊನೆಯವರೆಗೂ ಪ್ರಶ್ನಿಸಿದ ಈ ಖಗೋಳವಿಜ್ಞಾನಿಯೇ ಜಾತಕವನ್ನು ತಕ್ಕಡಿಗೆ ಹಾಕಿದ್ದು ಗಮನಿಸಬೇಕಾದ ಸಂಗತಿ. ಪ್ರತಿಭಾವಂತ ಮಕ್ಕಳ ನೂರು, ಬುದ್ಧಿಮಾಂದ್ಯ ಮಕ್ಕಳ ನೂರು ಜಾತಕಗಳನ್ನು ಕಲೆಸಿ, ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತರಂತೆ ಕೊಟ್ಟು, ಯಾವುದು ಯಾರದೆಂದು ಹೇಳಲು ಕೇಳಲಾಯಿತು. ಉತ್ತರ ಕಳಿಸಿದ ಇಪ್ಪತ್ತೇಳು ಜ್ಯೋತಿಷಿಗಳ ಊಹೆ ಸರಿಯಾದದ್ದು ಸರಾಸರಿ ಶೇಕಡಾ 46ರಷ್ಟು. ನಾಣ್ಯ ಚಿಮ್ಮಿ ಹೇಳಿದ್ದರೂ ಐವತ್ತರ ಆಸುಪಾಸಿನಲ್ಲಿ ಸಿಗುತ್ತಿತ್ತು.

ಕರ್ನಾಟಕದಲ್ಲಿ ಇದೇ ನಿಷ್ಠುರತೆಯನ್ನು ಸಾರ್ವಜನಿಕ ಬದುಕಿಗೆ ತಂದವರು ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಅವರು ಸಮಿತಿಯೊಂದನ್ನು ರಚಿಸಿದರು. ಗಾಂಧಿಯವರನ್ನು ನೆಚ್ಚಿ ಖಾದಿ ಉಟ್ಟು, ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬಾಳಿದ ಅವರ ಧೈರ್ಯದ ಮೂಲವನ್ನು ಕುಂಡಲಿಯಲ್ಲಿ ಹುಡುಕುವುದು, ಆ ಧೈರ್ಯಕ್ಕಾಗಿ ಅವರು ತೆತ್ತ ಬೆಲೆಯನ್ನು ಅವರಿಂದ ಕಿತ್ತು ಗ್ರಹವೊಂದಕ್ಕೆ ಕೊಟ್ಟಂತೆ.

ಇಷ್ಟೆಲ್ಲ ಹೇಳುವಾಗ ಪಂಚಾಂಗದ ಗಣಿತವನ್ನು ಫಲಜ್ಯೋತಿಷದೊಡನೆ ಕಟ್ಟಿ ಎಸೆಯುವುದು ಅನ್ಯಾಯವಾಗುತ್ತದೆ. ಖಭೌತವಿಜ್ಞಾನಿ ಮೇಘನಾದ ಸಹಾ ಹಾಗೆ ಎಸೆಯಲಿಲ್ಲ. 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ದೇಶದ ನಾನಾ ಭಾಗಗಳ ಪಂಚಾಂಗಗಳನ್ನು ತರಿಸಿ ಹೋಲಿಸಿದರು. ಭೂಮಿಯ ಅಕ್ಷವು ನಿಧಾನವಾಗಿ ತಿರುಗುವ ಕಾರಣದಿಂದ ನಕ್ಷತ್ರಗಳ ಲೆಕ್ಕವು ಋತುಗಳಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸರಿಯುತ್ತದೆ. ಉತ್ತರಾಯಣವು ಆಕಾಶದಲ್ಲಿ ಡಿಸೆಂಬರ್ 22ರ ಸುಮಾರಿಗೇ ಆರಂಭವಾದರೂ ಸಂಕ್ರಾಂತಿಯನ್ನು ಜನವರಿ ಮಧ್ಯದಲ್ಲಿ ಆಚರಿಸುವುದಕ್ಕೆ ಇದೇ ಕಾರಣ. ಮಳೆನಕ್ಷತ್ರಗಳೂ ಹೀಗೆಯೇ ಮೆಲ್ಲನೆ ಸರಿಯುತ್ತಿವೆ.

ನಕ್ಷತ್ರದ ಹೆಸರೇ ಮಳೆಯನ್ನು ತರುವುದಿಲ್ಲವೆಂಬುದಕ್ಕೆ ಈ ಸೀಮೆಯ ಜಲಾಶಯವೇ ಸಾಕ್ಷಿ. ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಹೊಸದುರ್ಗದ ಸೀಮೆಯವರೆಗೂ ಚಾಚಿದೆ. 1933ರಲ್ಲಿ ಕೋಡಿ ಬಿದ್ದ, ಎಂದರೆ ತುಂಬಿ ಹೊರಹರಿದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ, ಹುಬ್ಬೆ ಎಂಬ ಮಳೆನಕ್ಷತ್ರದ ದಿನಗಳಲ್ಲಿ. ನಡುವಿನ ಅಷ್ಟೂ ವರ್ಷ ಹುಬ್ಬೆ ತಪ್ಪದೆ ಬಂದು ಹೋಗಿತ್ತು. ಮತ್ತೊಮ್ಮೆ ತುಂಬಿ ಹರಿದದ್ದು 2025ರ ಜನವರಿಯಲ್ಲಿ, ರೈತರು ಯಾವ ಮಳೆಯನ್ನೂ ಎದುರು ನೋಡದ ತಿಂಗಳಲ್ಲಿ. ಆ ಹೊತ್ತಿಗೆ ಭದ್ರೆಯ ನೀರು ಕಾಲುವೆ ಹಿಡಿದು ವೇದಾವತಿಗೆ ಬಂದು ಸೇರತೊಡಗಿತ್ತು.